ಗಿರಣಿಯಕ್ಕನ ಅರ್ಧ ಮನೆ

ಬೆಳಗಿನ ಹತ್ತು ಗಂಟೆಗೆಲ್ಲ ಅವರ ಕಣ್ರೆಪ್ಪೆಗಳು ಬೆಳ್ಳಗಾಗಿರುತ್ತಿದ್ದವು. ಸೆರಗಿನಲ್ಲಿ ಎಷ್ಟು ಸಲ ಮುಖ ಒರೆಸಿಕೊಂಡರೂ ರೆಪ್ಪೆಗಂಟಿದ ಹಿಟ್ಟು ಹೋಗುತ್ತಿರಲಿಲ್ಲ. ಎನ್.ಆರ್. ಪುರದಲ್ಲಿ ನಾನಿದ್ದ ಬಾಡಿಗೆ ಕೋಣೆಯ ಎದುರೇ ಅವರ ಮನೆ. ಬೀದಿಯವರಿಗೆಲ್ಲ ಅವರು ಗಿರಣಿಯಕ್ಕ. ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ, ಹಿಂದೆ ಮಲಗುವ ಕೋಣೆ, ಅಡುಗೆಮನೆ. ಇದ್ದದ್ದೇ ಅಷ್ಟು. ಗಂಡ ಹೆಂಡತಿ ಸಮ ದುಡ್ಡು ಹಾಕಿ, ಇಬ್ಬರ ಹೆಸರಿನಲ್ಲೂ ಕೊಂಡ ಮನೆ ಅದು.

ಗಿರಣಿಯಲ್ಲಿ ಅವರದೇ ಕಾನೂನು ನಡೆಯುತ್ತಿತ್ತು. ಮೆಣಸಿನಕಾಯಿ ಶನಿವಾರ ಸಂಜೆ ಮಾತ್ರ. ಅದು ಮುಗಿದ ಮೇಲೆ ತಮ್ಮದೇ ಅಕ್ಕಿ ಹಾಕಿ ಬೀಸಿ, ಕಲ್ಲಿನ ಖಾರ ತೆಗೆಯುತ್ತಿದ್ದರು. ಹಾಗೆ ಬಂದ ಕೆಂಪು ಹಿಟ್ಟಿನಲ್ಲಿ ಭಾನುವಾರ ರೊಟ್ಟಿ. ನನಗೂ ಎರಡು ಬರುತ್ತಿದ್ದವು. ಯಾರ ಮನೆಯ ಕಡುಬಿಗೆ ಅಕ್ಕಿ ಎಷ್ಟು ತರಿಯಾಗಬೇಕೆಂದು ಅವರು ಯಾರನ್ನೂ ಕೇಳಿದ್ದಿಲ್ಲ. ಒಮ್ಮೆ ಒಬ್ಬಾಕೆ ಇನ್ನೂ ದಪ್ಪ ಇರಲಿ ಎಂದಾಗ, “ನಿಮ್ಮತ್ತೆಗೆ ಹಲ್ಲಿಲ್ಲ ಕಣೆ. ಕಡುಬಲ್ಲಿ ಎಂತ ಸೇಡು ತೀರಿಸ್ಕಳ್ತೀಯ?” ಎಂದಿದ್ದರು.

ನಾನು ಆಗ ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕ. ವಿಶ್ವವಿದ್ಯಾಲಯದಿಂದ ಸಮಾಜಶಾಸ್ತ್ರದ ಎಂ.ಎ. ಹೊತ್ತು ತಂದಿದ್ದೆ, ಅದರಲ್ಲಿ ಕಾನೂನಿನದೂ ಒಂದು ಪತ್ರಿಕೆ ಇತ್ತು. ದೇವರು, ಜಾತಕ, ವಕೀಲರು, ಯಾರನ್ನೂ ನಂಬುತ್ತಿರಲಿಲ್ಲ. ನನ್ನ ಮಾತನ್ನು ಮಾತ್ರ ಧಾರಾಳವಾಗಿ ನಂಬಿದ್ದೆ.

ಗಿರಣಿಯಕ್ಕನ ಗಂಡ ಬಸರೀಕಟ್ಟೆ ಕಡೆ ಜೀಪು ಓಡಿಸುವ ಆಸೆಗೆ ಹೆಂಡತಿಗೆ ತಿಳಿಸದೆ ಸಾಲ ಮಾಡಿದ್ದರು. ಜೀಪು ಓಡಿದ್ದಕ್ಕಿಂತ ಗ್ಯಾರೇಜಿನಲ್ಲಿ ನಿಂತದ್ದೇ ಹೆಚ್ಚು. ಕೊನೆಗೆ ಕೋರ್ಟು ಮನೆಯಲ್ಲಿದ್ದ ಗಂಡನ ಅರ್ಧ ಪಾಲನ್ನು ಹರಾಜು ಹಾಕಿತು. ಪೇಟೆಯ ಒಬ್ಬ ವ್ಯಾಪಾರಿ ಅದನ್ನು ಕೊಂಡ. ಗಿರಣಿಯಕ್ಕನಿಗೆ ವಿಷಯ ಗೊತ್ತಾದದ್ದು, ತನ್ನ ಪಾಲು ಬಿಡಿಸಿಕೊಡಿ ಎಂದು ಆ ವ್ಯಾಪಾರಿ ಹಾಕಿದ ದಾವೆಯ ಸಮನ್ಸು ಬಂದಾಗಲೇ.

ಸಮನ್ಸು ಹಿಡಿದು ನನ್ನಲ್ಲಿಗೆ ಬಂದರು. “ನೀ ಓದಿದವ. ಇದ್ರಲ್ಲಿ ಎಂತ ಬರ್ದಿದಾರೆ, ಸ್ವಲ್ಪ ಬಿಡಿಸಿ ಹೇಳು ಮಾರಾಯ.”

ನಾನು ನಿಂತೇ ಓದಿದೆ. “ಗಂಡನ ಸಾಲ ಹೆಂಡತಿಗೆ ಅಂಟಲ್ಲ ಅಕ್ಕ. ನಿಮ್ಮ ಅರ್ಧ ಮುಟ್ಟೋ ಹಕ್ಕು ಯಾರಿಗೂ ಇಲ್ಲ,” ಎಂದೆ.

ಅದು ನಿಜವೇ ಆಗಿತ್ತು. ಅಷ್ಟು ಪುಟ್ಟ ಮನೆಯನ್ನು ಎರಡು ಮಾಡುವುದು ಹೇಗೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ವಿಚಾರಣೆಯ ದಿನ ನಾಗರಪಂಚಮಿಯ ಮುನ್ನಾದಿನ. ಗಿರಣಿಯ ಬಾಗಿಲಿಗೆ ‘ಇವತ್ತು ಗಿರಣಿ ಇಲ್ಲ’ ಎಂದು ಬರೆದ ರಟ್ಟು ತೂಗುತ್ತಿತ್ತು. ಅದರ ಕೆಳಗೆ ಹಬ್ಬದ ಕಡುಬಿಗೆಂದು ಬೀದಿಯವರು ತಂದಿಟ್ಟ ಐದಾರು ಅಕ್ಕಿ ಚೀಲಗಳು. ಅಕ್ಕ ಒಳ್ಳೆಯ ಸೀರೆ ಉಟ್ಟು ಜಗುಲಿಯಲ್ಲಿ ನಿಂತಿದ್ದರು. ಗಂಡ ಕಂಬಕ್ಕೆ ಒರಗಿ ಕೂತಿದ್ದರು.

“ಕೋರ್ಟಿಗೆ ಹೋಗಿ ಬತ್ತೀನಿ ತಮ್ಮ. ಮುತ್ತಿನಕೊಪ್ಪದ ಅಣ್ಣ ಅಲ್ಲೇ ಕಾಯ್ತಾನೆ. ದುಡ್ಡು ನಾ ಹೊಂದಿಸ್ತೀನಿ, ಆ ಅರ್ಧನೂ ನೀನೇ ತಗೋ ಅಂತಿದಾನೆ.”

ನಾನು ನಕ್ಕೆ. ನಕ್ಕದ್ದು ಚೆನ್ನಾಗಿ ನೆನಪಿದೆ. “ನಿಮ್ಮ ಮನೆನೇ ನೀವು ದುಡ್ಡು ಕೊಟ್ಟು ತಗೋತೀರಾ? ಅಣ್ಣನಿಗೆ ಯಾರೋ ವಕೀಲ ಟೋಪಿ ಹಾಕಿದಾನೆ.”

ಅವರು ಚೀಲಗಳತ್ತ ನೋಡಿದರು. “ಹಂಗಾರೆ ಹೋಗೋದು ಬ್ಯಾಡ್ವಾ?”

ಇದಕ್ಕೆ ನಾನು ಏನೆಂದೆ? ‘ಬೇಡ’ ಎಂದೆನೋ, ‘ಹೋಗದಿದ್ದರೂ ನಡೆಯುತ್ತದೆ’ ಎಂದೆನೋ. ಎಷ್ಟೋ ವರ್ಷ ಎರಡನೆಯದೇ ನಿಜ ಎಂದುಕೊಂಡಿದ್ದೆ. ಅದು ನನಗೆ ಅನುಕೂಲವಾದ ನೆನಪು. ಆದ್ದರಿಂದಲೇ ಈಗ ಅದರ ಮೇಲೆ ನಂಬಿಕೆಯಿಲ್ಲ. ರಟ್ಟನ್ನು ತೆಗೆದವರು ಅವರು ಎಂದೇ ಬರೆಯಹೊರಟಿದ್ದೆ. ಆದರೆ ಅದರ ದಾರ ಮೊಳೆಗೆ ಸಿಕ್ಕಿಕೊಂಡಿತ್ತೆಂದು, ಅದನ್ನು ಬಿಡಿಸಲು ಉಗುರು ಬೇಕಾಯಿತೆಂದು ನನಗೆ ಹೇಗೆ ಗೊತ್ತು?

ಹತ್ತು ನಿಮಿಷದಲ್ಲಿ ಗಿರಣಿ ಓಡತೊಡಗಿತು. ಅಣ್ಣ ಸಂಜೆಯವರೆಗೆ ಕಾದು ಬಸ್ಸು ಹತ್ತಿದರಂತೆ.

ಆಮೇಲೆ ಬಂದ ಕಾಗದಗಳನ್ನೂ ನನ್ನ ಮಾತು ನಂಬಿ ಅವರು ಡಬ್ಬಿಗೆ ಹಾಕಿಟ್ಟರು. ಅಕ್ಕನ ಕಡೆಯಿಂದ ಯಾರೂ ಬರಲಿಲ್ಲವೆಂದು ಕೋರ್ಟು ತೀರ್ಮಾನ ಕೊಟ್ಟಿತು. ಮನೆ ಭಾಗವಾಗುವಂಥದ್ದಲ್ಲ, ಇಡಿಯಾಗಿ ಮಾರಿ ದುಡ್ಡು ಹಂಚಬೇಕು. ಮನೆ ಮಾರಿಹೋದ ಮೇಲೆ ವಕೀಲರೊಬ್ಬರು ನನಗೆ ಬಿಡಿಸಿ ಹೇಳಿದರು: ವಾಸದ ಮನೆಯಾದ್ದರಿಂದ, ಹೊರಗಿನವನ ಪಾಲನ್ನು ನಾನೇ ಕೊಳ್ಳುತ್ತೇನೆ ಎಂದು ಆಕೆ ಸಮಯಕ್ಕೆ ಸರಿಯಾಗಿ ಕೋರ್ಟಿನಲ್ಲಿ ಕೇಳಿಕೊಂಡಿದ್ದರೆ ಮನೆ ಉಳಿಯುತ್ತಿತ್ತು. ಅಣ್ಣ ಹೇಳಿದ್ದೂ ಅದನ್ನೇ.

ಗಿರಣಿ ಬಸ್‌ಸ್ಟ್ಯಾಂಡಿನ ಹಿಂದಿನ ಬಾಡಿಗೆ ಶೆಡ್ಡಿಗೆ ಹೋಯಿತು. ತಪ್ಪು ಒಪ್ಪಿಕೊಳ್ಳಬೇಕೆಂದೇ ಒಂದು ದಿನ ಅಲ್ಲಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರೆಂದರು: “ನೀ ಹೇಳಿದಂಗೇ ಆಯ್ತಲ್ಲ ತಮ್ಮ. ನನ್ನ ಅರ್ಧ ಯಾರೂ ಮುಟ್ಟಲಿಲ್ಲ. ಪೂರಾ ಕೈಗೆ ಬಂತು.” ಚುಚ್ಚಿ ಹೇಳಿದರೋ, ಸಮಾಧಾನಕ್ಕೆ ಹೇಳಿದರೋ ತಿಳಿಯಲಿಲ್ಲ. ಗಿರಣಿಯ ಸದ್ದು ಜೋರಾಗಿತ್ತು. ಅದನ್ನೇ ನೆಪ ಮಾಡಿಕೊಂಡು ಎದ್ದುಬಂದೆ.

ಎರಡು ವರ್ಷದ ನಂತರ ಅವರು ತೀರಿಕೊಂಡರು. ನಾನು ಹೋಗುವ ಹೊತ್ತಿಗೆ ಶೆಡ್ಡಿನ ಮುಂದೆ ಚಟ್ಟ ಕಟ್ಟುತ್ತಿದ್ದರು. ಮುತ್ತಿನಕೊಪ್ಪದ ಅಣ್ಣ ತಂಗಿಯ ಗಂಡನ ಎದುರು ನಿಂತು ಕೇಳಿದರು: “ಸಾಲ ಮಾಡಿದ್ದು ಹೋಗ್ಲಿ. ಆವತ್ತು ಇವಳು ಕೋರ್ಟಿಗೆ ಯಾಕೆ ಬರಲಿಲ್ಲ? ಕೇಳ್ದಾಗೆಲ್ಲ ಹಬ್ಬದ ಹಿಟ್ಟಿತ್ತು ಅಂತಿದ್ಲು. ಬ್ಯಾಡ ಅಂದವ ನೀನೇ ಅಲ್ವನಾ?”

ಗಂಡ ತಲೆಯೆತ್ತಿದರು. ನಾನು ಅಣ್ಣನ ಹಿಂದೆಯೇ ಇದ್ದೆ. ನನ್ನನ್ನು ಒಮ್ಮೆ ನೋಡಿ, ಮತ್ತೆ ನೆಲ ನೋಡುತ್ತ ಹೇಳಿದರು: “ಹೌದು ಭಾವ. ನಾನೇ.”

ಅಣ್ಣ ಅವರ ಮುಖ ನೋಡದೆ ಆಚೆ ಹೋದರು. ಯಾರೋ ನನ್ನನ್ನು ಹೆಗಲು ಕೊಡಲು ಕರೆದರು. ನಾನು ಹೋಗಿ ಹೆಗಲು ಕೊಟ್ಟೆ.