ಮಗಳ ಹಾಕಿಗೆ ನಾನು ಬರೆದ ತಪಾಸಣೆ ಹಾಳೆ

ಪೀಣ್ಯದ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ತಪ್ಪು ಹುಡುಕುವುದು. ಸಂಬಳ ಕೊಟ್ಟು ತಪ್ಪು ಹುಡುಕಿಸುತ್ತಾರೆ ಅಂದರೆ ನನ್ನಂಥವಳಿಗೆ ಇನ್ನೇನು ಬೇಕು? ಮೆಷಿನ್ನಿಂದ ಬಂದ ಪೀಸನ್ನು ಕೈಗೆತ್ತಿಕೊಂಡು ಅಳೆಯುತ್ತೇನೆ, ಹಾಳೆಯಲ್ಲಿ ಓಕೆ, ರಿವರ್ಕ್, ರಿಜೆಕ್ಟ್ ಈ ಮೂರರಲ್ಲಿ ಒಂದನ್ನು ಬರೆಯುತ್ತೇನೆ, ಕೆಳಗೆ ಸಹಿ ಹಾಕುತ್ತೇನೆ. ರಿಜೆಕ್ಟ್ ಆದದ್ದಕ್ಕೆ ಕೆಂಪು ಬಣ್ಣ ಬಳಿದು ಕೆಂಪು ಡಬ್ಬಕ್ಕೆ ಹಾಕುತ್ತೇನೆ. ನಮ್ಮ ಸೆಕ್ಷನ್ನಿನಲ್ಲಿ ಒಂದೇ ಮಹಾಪಾಪ, ಪೀಸ್ ಮುಟ್ಟದೆ ರಿಪೋರ್ಟ್ ಬರೆಯುವುದು. ಒಬ್ಬ ಮಹಾನುಭಾವ ಟೀ ಕುಡಿಯುತ್ತಾ ಇಡೀ ಲಾಟಿಗೆ ಓಕೆ ಬರೆದುಬಿಟ್ಟಿದ್ದ. ನಾನೇ ಹಿಡಿದುಕೊಟ್ಟೆ. ಸಂಜೆಯೊಳಗೆ ಅವನನ್ನು ಪ್ಯಾಕಿಂಗಿಗೆ ಎತ್ತಿಹಾಕಿದರು. ಈ ಕಥೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ನನ್ನ ಮಗಳು ಅದನ್ನು ನನ್ನದೇ ದನಿಯಲ್ಲಿ ಹೇಳಿ ತೋರಿಸುತ್ತಾಳೆ.

ಮಗಳಿಗೆ ಹದಿನೇಳು. ಹಾಕಿ ಆಡುತ್ತಾಳೆ. ಚೆನ್ನಾಗಿ ಆಡುತ್ತಾಳಂತೆ. ಜೂನಿಯರ್ ತಂಡದಲ್ಲಿ ಹೆಸರು ಬಂದ ಮೇಲಂತೂ ಟಿ. ದಾಸರಹಳ್ಳಿಯ ನಮ್ಮ ಎರಡನೇ ಮಹಡಿಯ ಬಾಡಿಗೆ ಮನೆಗೆ ಸಲಹೆಗಾರರ ಮೆರವಣಿಗೆಯೇ ಶುರುವಾಯಿತು. ಹುಡುಗಿ ಪೂರ್ತಿ ಪ್ರೊಫೆಷನಲ್ ಆಗುವ ಮುಂಚೆ ಎಲ್ಲಿ ಬೆಳೆಯಬೇಕು? ಅಕಾಡೆಮಿಯೋ, ಹಾಸ್ಟೆಲ್ಲೋ, ಕಾಲೇಜೋ, ಇಲ್ಲಾ ನೇರವಾಗಿ ಲೀಗೋ? ಹಾಕಿಯಲ್ಲಿ ಎಷ್ಟು ಜನ ಆಡುತ್ತಾರೆ ಅಂತ ತಿಳಿಯದವರಿಗೂ ಇದಕ್ಕೆ ಉತ್ತರ ಗೊತ್ತಿತ್ತು. ನನ್ನ ಯಜಮಾನರು ಮಾತ್ರ ಬಾಯಿ ಬಿಡಲಿಲ್ಲ. ಅವರು ಬಸ್ ಓಡಿಸುತ್ತಾರೆ, ಮನೆಯ ಸ್ಟೀರಿಂಗ್ ಮುಟ್ಟುವುದಿಲ್ಲ.

ನನಗೆ ಗೊತ್ತಿತ್ತು, ಯಾಕೆಂದರೆ ನಾನೂ ಒಂದು ಕಾಲದಲ್ಲಿ ಆಡಿದವಳು. ಹದಿನೇಳಕ್ಕೆ ಸರಿಯಾಗಿ ಒಂದು ಕಾರ್ಖಾನೆ ತನ್ನ ಹೆಂಗಸರ ತಂಡಕ್ಕೆ ನನ್ನನ್ನು ತೆಗೆದುಕೊಂಡಿತು. ಮನೆಯವರು ಕೇರಿಗೆಲ್ಲ ಮೈಸೂರುಪಾಕು ಹಂಚಿದರು. ಪಿಯುಸಿ ಪುಸ್ತಕವನ್ನು ಅರ್ಧಕ್ಕೇ ಮಡಚಿಟ್ಟೆ, ಓದಿ ಯಾರಿಗೇನಾಗಬೇಕು ಅಂತ. ಇಪ್ಪತ್ತೊಂದಕ್ಕೆ ಮಂಡಿ ಹೋಯಿತು, ಅದರ ಮರುವರ್ಷ ತಂಡವೂ ಹೋಯಿತು. ಕೂತು ಮಾಡುವ ಕೆಲಸ ಅಂತ ಇನ್‌ಸ್ಪೆಕ್ಷನ್ನಿಗೆ ಹಾಕಿದರು. ಅವತ್ತು ಕೂತವಳು ಇವತ್ತಿಗೂ ಕೂತೇ ಇದ್ದೇನೆ. ಮೈಸೂರುಪಾಕು ತಿಂದವರಲ್ಲಿ ಒಬ್ಬರೂ ಮಂಡಿ ಹೇಗಿದೆ ಅಂತ ಕೇಳಲಿಲ್ಲ.

ಹಾಗಾಗಿ ಮಗಳ ವಿಷಯದಲ್ಲಿ ಯಾರ ಮಾತನ್ನೂ ನಂಬದೆ, ಕಾರ್ಖಾನೆಯಿಂದ ಒಂದು ಖಾಲಿ ತಪಾಸಣೆ ಹಾಳೆ ತಂದೆ. ಎಡಗಡೆ ಸಾಲಾಗಿ ಬರೆದೆ: ಮೈದಾನ, ಕೋಚ್, ಊಟ, ಓದು, ಬಚ್ಚಲ ಚಿಲಕ, ಗಾಯವಾದರೆ ನೋಡುವವರು. ಮೇಲೆ ಒಂದೊಂದು ಜಾಗಕ್ಕೆ ಒಂದೊಂದು ಕಾಲಂ ಹಾಕಿದೆ. ಮಗಳು ನೋಡಿ ಹಣೆ ಚಚ್ಚಿಕೊಂಡಳು.

"ಅಮ್ಮಾ, ನಾನೇನ್ ಬೋಲ್ಟಾ?"

"ಬೋಲ್ಟಾಗಿದ್ರೆ ಇಷ್ಟು ತಲೆನೋವಿರ್ಲಿಲ್ಲ" ಅಂದೆ.

ಮೊದಲು ಹೋದದ್ದು ಬೆಂಗಳೂರಿನ ಇನ್ನೊಂದು ತುದಿಯ ಹೂಡಿಗೆ. ಅಲ್ಲಿಯ ಹಳೇ ಊರಿನ ಗೌಡರೊಬ್ಬರು ತಮ್ಮ ರಾಗಿ ಹೊಲ ಇದ್ದ ಜಾಗದಲ್ಲಿ ಹಸಿರು ಟರ್ಫ್, ಅಂದರೆ ಪ್ಲಾಸ್ಟಿಕ್ ಹುಲ್ಲು, ಹಾಸಿ ಹಾಕಿ ಅಕಾಡೆಮಿ ತೆರೆದಿದ್ದರು. ಸುತ್ತ ಅಪಾರ್ಟ್‌ಮೆಂಟು, ನಡುವೆ ಟರ್ಫು, ಟರ್ಫಿನ ಮೂಲೆಯಲ್ಲಿ ಮುನೇಶ್ವರನ ಗುಡಿ. ಸಂಜೆ ಕಂಪನಿ ಹುಡುಗರು ಗಂಟೆ ಲೆಕ್ಕದಲ್ಲಿ ಫುಟ್‌ಬಾಲ್ ಆಡುತ್ತಾರೆ, ಬೆಳಗ್ಗೆ ಖಾಲಿ ಬಿದ್ದಿರುವುದು ಯಾಕೆ ಅಂತ ಹಾಕಿ. ಗೌಡರು ಒಳ್ಳೆಯ ಮನುಷ್ಯರೇ. ಎಳನೀರು ಕೊಟ್ಟರು. ನಾನು ಮಗಳ ಚೀಲದಿಂದ ಬಾಲ್ ತೆಗೆದು ಕೈಯಿಂದಲೇ ಉರುಳಿಸಿದೆ. ಹುಲ್ಲು ಬೆರಳುದ್ದ. ಹಾಕಿಗೆ ಬೇಕಾದದ್ದು ಕಾರ್ಪೆಟ್ಟಿನಂಥ ಗಿಡ್ಡ ಹುಲ್ಲು, ಅದರ ಮೇಲೆ ನೀರು ಚಿಮುಕಿಸಬೇಕು, ಆಗ ಬಾಲ್ ಜಾರಿಕೊಂಡು ಹೋಗುತ್ತದೆ. ಇಲ್ಲಿ ಬಾಲ್ ಮೂರು ಮಾರು ಉರುಳಿ, ಸೊಪ್ಪು ಸಿಕ್ಕಿದ ಮೊಲದ ಹಾಗೆ ಅಲ್ಲೇ ಕೂತುಬಿಟ್ಟಿತು.

"ಇದು ಫುಟ್‌ಬಾಲ್ ಟರ್ಫು, ಗೌಡ್ರೇ."

"ಉಲ್ಲು ಉಲ್ಲೇ ಅಲ್ವೇನಮ್ಮ? ನೀರು ಬೇಕಂದ್ರೆ ಬುಡುಸ್ತೀನಿ. ಬೋರ್ ಐತೆ."

"ನೀರು ಬಿಟ್ರೆ ರಾಗಿ ಬೆಳೀಬೋದು."

ಗೌಡರು ಬೇಜಾರು ಮಾಡಿಕೊಳ್ಳಲಿಲ್ಲ. ರಾಗಿಯೇ ಎಷ್ಟೋ ವಾಸಿಯಿತ್ತು, ಹೀಗೆ ಪ್ರಶ್ನೆ ಕೇಳುತ್ತಿರಲಿಲ್ಲ ಅಂದರು. ಅಲ್ಲಿ ಆಗಲೇ ಹನ್ನೆರಡು ಮಕ್ಕಳು ಸೇರಿದ್ದರು. ಬಾಲ್ ಹೋಗದಿದ್ದರೆ ಮಕ್ಕಳಿಗೇ ಬೈಯುತ್ತಿದ್ದ ಕೋಚ್ ಬೇರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ. ಇಲ್ಲಿ ನೆಲ ನಿಜವಾಗಿಯೂ ಡೊಂಕು, ಪಾಪ, ಕುಣಿಯುವ ಮಕ್ಕಳಿಗೆ ಅದನ್ನು ಹೇಳುವವರಿರಲಿಲ್ಲ. ರಿಜೆಕ್ಟ್ ಬರೆದು ಬಸ್ ಹತ್ತಿದೆವು.

ಎರಡನೆಯದು ಮಹದೇವಪುರದ ಒಂದು ಟೆಕ್ ಪಾರ್ಕಿನ ನಾಲ್ಕನೇ ಮಹಡಿ. ಕ್ರೀಡಾಪಟುಗಳ ಭವಿಷ್ಯ ರೂಪಿಸುವವನು ಅಂತ ತನ್ನನ್ನು ತಾನೇ ಕರೆದುಕೊಂಡ ಒಬ್ಬ ಹುಡುಗ ಗಾಜಿನ ಕೋಣೆಯಲ್ಲಿ ಕೂರಿಸಿ, ಗೋಡೆ ಮೇಲೆ ಬಣ್ಣಬಣ್ಣದ ಬಾಣಗಳನ್ನು ತೋರಿಸಿದ. ಎಲ್ಲ ಬಾಣಗಳೂ ಮೇಲಕ್ಕೇ ಹೋಗುತ್ತಿದ್ದವು. ಮಂಡಿ ಹೋದವರ ಬಾಣ ಎಲ್ಲಿ ಅಂತ ಹುಡುಕಿದೆ, ಕಾಣಲಿಲ್ಲ.

"ಮೇಡಂ, ಹಾಸ್ಟೆಲ್ಲು ಕಾಲೇಜೆಲ್ಲ ಓಲ್ಡ್ ಮಾಡೆಲ್. ಹದಿನೇಳಕ್ಕೇ ಪ್ರೊ ಆಗ್ಬಿಡ್ಬೇಕು. ಲೀಗ್ ಟೀಮಲ್ಲಿ ಪ್ರಾಕ್ಟೀಸ್ ಪ್ಲೇಯರ್ ಆಗಿ ಹಾಕಿಸ್ತೀನಿ. ಫಸ್ಟು ಫಾಲೋವರ್ಸ್ ಬಿಲ್ಡ್ ಮಾಡೋಣ."

"ಮ್ಯಾಚ್ ಆಡ್ಸ್ತಾರಾ?"

"ಎಕ್ಸ್‌ಪೋಷರ್ ಸಿಗುತ್ತೆ ಮೇಡಂ."

ಅಂದರೆ ದೊಡ್ಡವರು ಆಡುವಾಗ ಇವಳು ಬಾಲ್ ಹೆಕ್ಕಿಕೊಡಬೇಕು, ಫೋಟೋದಲ್ಲಿ ಮಾತ್ರ ಆಟಗಾರ್ತಿ. ಪಿಯುಸಿ ಗತಿ ಏನು ಅಂದೆ. ಅದನ್ನು ಆಮೇಲೆ ನೋಡೋಣ ಅಂದ. ನನಗೂ ಹದಿನೇಳಕ್ಕೆ ಯಾರೋ ಇದನ್ನೇ ಅಂದಿದ್ದರು, ಆ ಆಮೇಲೆ ಇನ್ನೂ ಬಂದಿಲ್ಲ. ಕೊನೆಗೆ ಒಂದು ಫೋಟೋ ಅಂತ ಮಗಳ ಸ್ಟಿಕ್ ಇಸಕೊಂಡು ಪೋಸ್ ಕೊಟ್ಟ. ಸ್ಟಿಕ್ಕನ್ನು ಹಿಂದುಮುಂದಾಗಿ ಹಿಡಿದಿದ್ದ. ಹಾಕಿ ಸ್ಟಿಕ್ಕಿಗೆ ಚಪ್ಪಟೆ ಮುಖ ಒಂದು, ಉಬ್ಬು ಮುಖ ಒಂದು, ಉಬ್ಬಿನ ಕಡೆಯಿಂದ ಹೊಡೆದರೆ ಫೌಲು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೆ, ಕೂಸಿನ ತಲೆ ಯಾವ ಕಡೆ ಅಂತ ಗೊತ್ತಿಲ್ಲದವನನ್ನು ಕಂಡದ್ದು ಅದೇ ಮೊದಲು. ಲಿಫ್ಟಿನಲ್ಲೇ ರಿಜೆಕ್ಟ್ ಬರೆದೆ. ಮಗಳೂ ನಕ್ಕಳು.

ಮೂರನೆಯದು ಬೆಂಗಳೂರಿನಿಂದ ಆರು ಗಂಟೆ ಬಸ್ ದಾರಿಯ ಊರಿನ ಒಂದು ಕ್ರೀಡಾ ಹಾಸ್ಟೆಲ್. ಅಲ್ಲಿ ಮಗಳು ನಗಲಿಲ್ಲ. ಗೇಟಿನೊಳಗೆ ಕಾಲಿಟ್ಟ ಕೂಡಲೇ ನೀಲಿ ಟರ್ಫಿನ ಮೇಲೆ ನೀರು ಚಿಮ್ಮುತ್ತಿದ್ದುದನ್ನು ನೋಡಿ ಸುಮ್ಮನೆ ನಿಂತುಬಿಟ್ಟಳು. ಅವಳ ಓರಗೆಯ ಇಪ್ಪತ್ತು ಹುಡುಗಿಯರು ಓಡುತ್ತಿದ್ದರು. ಕೋಚ್ ಒಬ್ಬ ಹೆಂಗಸು, ನನಗಿಂತ ಐದಾರು ವರ್ಷ ದೊಡ್ಡವರು, ಕೊರಳಲ್ಲಿ ತಾಳಿಯ ಜೊತೆ ಸೀಟಿ. ಮೆಡಲ್ ತೋರಿಸಲು ಹೋದರೆ ಚೀಲದಲ್ಲೇ ಇರಲಿ ಅಂದು, ಹುಡುಗಿಯನ್ನು ಟ್ರಯಲ್‌ಗೆ ಕರೆದುಕೊಂಡು ಹೋದರು. ನಾನು ಬಚ್ಚಲು, ಅಡುಗೆಮನೆ ತಪಾಸಣೆಗೆ ಹೋದೆ. ಬಚ್ಚಲಿಗೆ ಚಿಲಕವಿಲ್ಲ, ಬಾಗಿಲಿಗೆ ಬಕೆಟ್ ಆನಿಸಿಡುತ್ತಾರೆ. ಸಾರಿನಲ್ಲಿ ಬೇಳೆ ಹುಡುಕಬೇಕಾದರೆ ಸೌಟು ಸಾಲದು, ಬಲೆ ಬೇಕು. ಭರದಿಂದ ಬರೆದುಕೊಂಡೆ.

ಒಂದು ಗಂಟೆಯಾದ ಮೇಲೆ ಆಕೆ ನನ್ನನ್ನು ಕರೆದರು.

"ಕೈ ಚೆನ್ನಾಗಿದೆ. ಕಾಲು ಸೋಮಾರಿ. ತಗೋತೀನಿ, ಆದ್ರೆ ಮೊದಲ ಆರು ತಿಂಗಳು ಬೆಂಚು. ಪಿಯುಸಿ ಫೇಲಾದ್ರೆ ಸ್ಟಿಕ್ ಕಿತ್ಕೋತೀನಿ. ಬರೋ ಸೋಮವಾರದೊಳಗೆ ಹೇಳಿ, ಇಲ್ಲಾಂದ್ರೆ ಜಾಗ ಬೇರೆಯವ್ರಿಗೆ."

ನನಗೆ ಮೈಯೆಲ್ಲ ಉರಿಯಿತು. ಜೂನಿಯರ್ ತಂಡದ ಹುಡುಗಿ ಆಡದೆ ಬೆಂಚಲ್ಲಿ ಕೂರಬೇಕೇ! ದಾರಿಯುದ್ದಕ್ಕೂ ಚಿಲಕ ಮತ್ತು ಬೇಳೆಯ ಬಗ್ಗೆ ಮಾತಾಡಿದೆ. ಮಗಳು ಆರು ಗಂಟೆ ಕಾಲ ಕಿಟಕಿ ನೋಡಿದಳು. ಬಸ್ ಇಳಿಯುವ ಹೊತ್ತಿಗೆ ರಿಜೆಕ್ಟ್ ಬರೆದು ಮುಗಿಸಿದ್ದೆ.

ಗಡುವಿನ ಮುಂಚಿನ ಕೊನೆಯ ಭಾನುವಾರ ಬಂತು. ಭಾನುವಾರ ನನಗೆ ಬಟ್ಟೆ ಒಗೆಯುವ ದಿನ. ಮಗಳು ಹತ್ತು ವರ್ಷದವಳಿದ್ದಾಗಿನಿಂದ ಪ್ರತಿ ಭಾನುವಾರ ಬೆಳಗ್ಗೆ ಪೀಣ್ಯದಲ್ಲಿ ಮುಚ್ಚಿಹೋದ ಕಾರ್ಖಾನೆಯ ಹಿಂದಿನ ಕಲ್ಲುಮಣ್ಣಿನ ಮೈದಾನದಲ್ಲಿ ಆಡುತ್ತಾಳೆ. ಅಲ್ಲಿ ಸುತ್ತಲಿನ ಕಾರ್ಖಾನೆಗಳ ಫಸ್ಟ್ ಶಿಫ್ಟಿನವರಿಗೂ ಸೆಕೆಂಡ್ ಶಿಫ್ಟಿನವರಿಗೂ ಮ್ಯಾಚು. ತಡವಾಗಿ ಬಂದವರು ಸುಣ್ಣದ ಗೆರೆ ಎಳೆಯಬೇಕು, ಹೊಸಬರು ಚರಂಡಿ ಪಕ್ಕದ ಎಡಮೂಲೆಯಲ್ಲಿ ಆಡಿ, ಬಿದ್ದ ಬಾಲನ್ನು ತಾವೇ ತೆಗೆದು ತೊಳೆಯಬೇಕು. ಇವಳಿಗೆ ಸ್ಟಿಕ್ ಹಿಡಿಸಿದವನು ಗದಗ ಕಡೆಯ ಒಬ್ಬ ವೆಲ್ಡರ್. ಅವನೇ ಬೈಕಿನಲ್ಲಿ ಕರೆದೊಯ್ದು, ಅವನೇ ತಂದು ಬಿಡುತ್ತಾನೆ. ಅವತ್ತು ಮೇಲೆ ಬಂದು ಬಾಗಿಲಲ್ಲೇ ನಿಂತ.

"ಅಕ್ಕಾರ, ಹುಡುಗೀನ ಆ ಹಾಸ್ಟೆಲ್ಲಿಗೆ ಕಳಸ್ರಿ. ಕಲ್ಲಿನ ಮ್ಯಾಲ ಕಲಿಯೂದು ಅಕಿ ಕಲ್ತಾಳ. ಇಲ್ಲೆ ಅಕಿನ್ನ ಸೋಲಸವ್ರು ಯಾರೂ ಉಳದಿಲ್ಲ. ತನಗಿಂತ ಚಲೋ ಆಡವ್ರ ನಡುವ ಬಿದ್ರ ಬೆಳೀತಾಳ್ರಿ."

"ಬೆಂಚಿನ ಮೇಲೆ ಕೂತು ಬೆಳೆಯೋದು ಕುಂಬಳಕಾಯಿ ಮಾತ್ರ" ಅಂದೆ.

ಅವನು ನಕ್ಕು, ಟೀ ಬೇಡ ಅಂದು ಇಳಿದುಹೋದ. ಏಳು ವರ್ಷ ನನ್ನ ಮಗಳಿಗೆ ಕಲಿಸಿದವನನ್ನು ಹಾಗೆ ಕಳಿಸಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಊಟವಾದ ಮೇಲೆ ನನ್ನ ತೀರ್ಪು ಓದಿದೆ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಒಂದು ಕಾಲೇಜಿದೆ, ಅಲ್ಲಿಗೆ ಸೇರುವುದು. ಮೊದಲ ದಿನವೇ ಕ್ಯಾಪ್ಟನ್. ಸಂಜೆ ಮನೆ ಊಟ, ಚಿಲಕವಿರುವ ಬಚ್ಚಲು. ಮೈದಾನ ಅಂತ ಇರುವುದು ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಕೋರ್ಟು, ಹನ್ನೊಂದು ಜನ ಬೇಕಾದ ಹಾಕಿ ತಂಡದಲ್ಲಿ ಏಳೇ ಜನ. ಇದನ್ನೆಲ್ಲ ಬೇರೆ ಯಾರಾದರೂ ಹೇಳಿದ್ದರೆ ಮುಖಕ್ಕೆ ಮಂಗಳಾರತಿ ಎತ್ತಿ ಕಳಿಸುತ್ತಿದ್ದೆ. ನಾನೇ ಹೇಳಿದ್ದರಿಂದ ಓಕೆ ಬರೆದಿದ್ದೆ.

ಮಗಳು ಹಾಳೆ ಇಸಕೊಂಡು ಪೂರ್ತಿ ಓದಿದಳು. ಆಮೇಲೆ ನನ್ನ ಕೆಂಪು ಪೆನ್ನು ತೆಗೆದುಕೊಂಡು, ಸ್ಕೇಲಿಟ್ಟು, ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದಳು. ಅದರ ತಲೆ ಮೇಲೆ ಬರೆದದ್ದು: ಮನೆ.

ಸಾಲು ಸಾಲಾಗಿ ತುಂಬಿಸಿದಳು. ಬರೆದು ನನ್ನ ಕಡೆ ತಳ್ಳಿದಳು. ಮೈದಾನ: ಇಲ್ಲ. ಊಟ: ಓಕೆ, ಹಾಗಲಕಾಯಿ ದಿನ ರಿವರ್ಕ್. ಓದು: ಓಕೆ. ಚಿಲಕ: ಓಕೆ. ಗಾಯವಾದರೆ ನೋಡುವವರು: ಅಮ್ಮ, ಓಕೆ. ಕೋಚ್ ಅನ್ನುವ ಸಾಲಿನಲ್ಲಿ ಮಾತ್ರ ಹೀಗಿತ್ತು: ಏಳು ವರ್ಷದಲ್ಲಿ ನನ್ನ ಒಂದು ಮ್ಯಾಚೂ ನೋಡಿಲ್ಲ. ರಿಜೆಕ್ಟ್.

ರೇಗಿತು. ಭಾನುವಾರ ಬಟ್ಟೆ ಯಾರು ಒಗೆಯುತ್ತಾರೆ, ಈ ಮಂಡಿ ಇಟ್ಟುಕೊಂಡು ಬಿಸಿಲಲ್ಲಿ ಯಾರು ನಿಲ್ಲುತ್ತಾರೆ, ಅಷ್ಟು ದೂರ ಹಾಸ್ಟೆಲ್ಲಿಗೆ ಯಾರು ಬಂದಿದ್ದರು ಅಂತ ಒಂದೇ ಉಸಿರಿಗೆ ಕೂಗಾಡಿದೆ. ಅವಳು ಮುಗಿಯುವ ತನಕ ಕಾದಳು.

"ಹಾಸ್ಟೆಲ್ಲಲ್ಲೂ ನೀನು ಬಚ್ಚಲು ನೋಡಕ್ಕೆ ಹೋದೆ ಅಮ್ಮ. ಪೀಸ್ ಮುಟ್ಟದೆ ರಿಪೋರ್ಟ್ ಬರೆಯೋರ್ನ ನೀನೇ ಅಲ್ವಾ ಪ್ಯಾಕಿಂಗಿಗೆ ಕಳ್ಸಿದ್ದು?"

ಅವಳು ಹೇಳಿದ್ದು ನಿಜ. ಏಳು ವರ್ಷ ಅವಳ ಸಾಕ್ಸ್ ಒಗೆದಿದ್ದೇನೆ, ಕೆಂಪು ಮಣ್ಣು ಬಿಡುವ ತನಕ ಉಜ್ಜಿದ್ದೇನೆ, ಆದರೆ ಅವಳು ಬಾಲ್ ಹಿಡಿದು ಓಡುವುದನ್ನು ಒಮ್ಮೆಯೂ ನೋಡಿಲ್ಲ. ಹೆದರಿಕೆ. ಅವಳು ತಿರುಗುವಾಗ ನನಗೆ ಅವಳ ಮಂಡಿ ಬಿಟ್ಟು ಬೇರೇನೂ ಕಾಣುವುದಿಲ್ಲ ಅಂತ ನನಗೆ ಗೊತ್ತು. ಆ ಹೆದರಿಕೆಗೆ ಶಿಫ್ಟು, ಬಟ್ಟೆ, ಬೇಳೆ, ಚಿಲಕ ಅಂತ ಒಂದೊಂದು ಹೆಸರಿಟ್ಟಿದ್ದೆ. ಗೌಡರು ಪಾಪ ಹುಲ್ಲಿನ ವಿಷಯದಲ್ಲಷ್ಟೇ ತಪ್ಪಿದ್ದರು. ನಾನು ಎಲ್ಲರನ್ನೂ ಆಡಿಕೊಂಡು ನಕ್ಕವಳು, ಸಿಮೆಂಟಿನ ಕೋರ್ಟಿಗೆ ಓಕೆ ಬರೆದಿದ್ದೆ. ಮಗಳು ಕಣ್ಣಳತೆಯಲ್ಲಿರಬೇಕು, ಆಟ ಮಾತ್ರ ಕಣ್ಣಿಗೆ ಬೀಳಬಾರದು, ಇಷ್ಟೇ ನನಗೆ ಬೇಕಾಗಿದ್ದದ್ದು.

ಕಾರ್ಖಾನೆಯಲ್ಲಿ ನಾಲ್ಕನೆಯ ದಾರಿಯೂ ಒಂದಿದೆ, ಡೀವಿಯೇಷನ್ ಅಂತ. ಪೀಸಿನಲ್ಲಿ ಕೊರತೆಯಿದ್ದರೂ ಕೆಲಸಕ್ಕೆ ಒದಗುತ್ತದೆ ಅಂತ ಖಾತ್ರಿಯಾದರೆ, ಷರತ್ತು ಬರೆದು, ಹೊಣೆ ಹೊತ್ತು, ಸಹಿ ಹಾಕಿ ಬಿಡಬಹುದು. ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ಬರೆದವಳಲ್ಲ, ಹೊಣೆ ಯಾರಿಗೆ ಬೇಕು. ಅವತ್ತು ಬರೆದೆ. ಕಾಲೇಜಿನ ಓಕೆ ಹೊಡೆದುಹಾಕಿದೆ. ಹಾಸ್ಟೆಲ್ಲಿನ ರಿಜೆಕ್ಟ್ ಹೊಡೆದು ಡೀವಿಯೇಷನ್ ಅಂತ ಬರೆದೆ. ಷರತ್ತು ಒಂದು, ಬಚ್ಚಲಿಗೆ ಚಿಲಕ ನಾನೇ ಪೀಣ್ಯದಿಂದ ಒಯ್ದು ಹಾಕಿಸಿಕೊಡುವುದು. ಷರತ್ತು ಎರಡು, ತಿಂಗಳಿಗೊಮ್ಮೆ ತಾಯಿ ಹೋಗಿ ಆಟ ನೋಡುವುದು. ಆಮೇಲೆ ಮನೆ ಅನ್ನುವ ಕಾಲಮ್ಮಿನಲ್ಲಿ, ಮಗಳು ಬರೆದ ರಿಜೆಕ್ಟಿನ ಪಕ್ಕ ಸಹಿ ಹಾಕಿದೆ. ಅವಳು ಹಾಳೆಯ ಫೋಟೋ ತೆಗೆದು ವೆಲ್ಡರನಿಗೆ ಕಳಿಸಿದಳು.

ಸೋಮವಾರ ಶಿಫ್ಟಿಗೆ ಮುಂಚೆ ಕಾರ್ಖಾನೆ ಗೇಟಿನ ಪಕ್ಕ ನಿಂತು ಹಾಸ್ಟೆಲ್ಲಿನ ಕೋಚ್‌ಗೆ ಫೋನ್ ಮಾಡಿದೆ. ಕಳಿಸುತ್ತೇನೆ ಅಂದೆ. ತಿಂಗಳಿಗೊಮ್ಮೆ ಬಂದು ಮ್ಯಾಚ್ ನೋಡಲು ಬಿಡಬೇಕು ಅಂತಲೂ ಅಂದೆ. ಆಕೆಗೆ ಅರ್ಥವಾಗಲಿಲ್ಲ.

"ಆರು ತಿಂಗಳು ಅವಳು ಬೆಂಚಲ್ಲೇ ಇರ್ತಾಳೆ ಕಣ್ರೀ. ಅಷ್ಟು ದೂರದಿಂದ ಬಂದು ಏನ್ ನೋಡ್ತೀರಾ?"

"ಬೆಂಚೇ ನೋಡ್ತೀನಿ ಮೇಡಂ" ಅಂದೆ. "ನನಗೂ ಅಲ್ಲಿಂದಾನೇ ಶುರು ಆಗ್ಬೇಕು."