ಗಿರಿಜಕ್ಕನ ಹಳೆಯ ಲಾಂಚರು

ಗಿರಿಜಕ್ಕ ಕಂಪ್ಯೂಟರ್ ಚಾಲೂ ಮಾಡುವ ಮೊದಲು ಇಂಟರ್ನೆಟ್ ವೈರನ್ನು ಕಿತ್ತು ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ವೈರು ನೀಲಿಯದೋ ಬೂದು ಬಣ್ಣದ್ದೋ, ಆಣೆ ಮಾಡಿ ಹೇಳಲಾರೆ. ಅವಳ ಮಾತುಗಳಲ್ಲಿ ಎಷ್ಟು ಅವಳೇ ಆಡಿದವು, ಎಷ್ಟು ನಾನು ಆಮೇಲೆ ಸಾಣೆ ಹಿಡಿದವು ಎಂಬ ಅನುಮಾನವೂ ಇದೆ. ಆದರೆ ವೈರು ಕೊರಳಲ್ಲಿದ್ದದ್ದು ನಿಜ. "ಇದು ಇಲ್ಲಿರೂ ತನಕ ಅದಕ್ಕ ಹೊಸಾ ಬುದ್ಧಿ ಬರೂದಿಲ್ಲ" ಎನ್ನುತ್ತಿದ್ದಳು.

'ಅದು' ಎಂದರೆ ಲಾಂಚರು. ಕಂಪ್ಯೂಟರ್ ಆಟ ತಯಾರಿಸುವ ದೊಡ್ಡ ತಂತ್ರಾಂಶದೊಳಗೆ ಹೋಗಲು ಮೊದಲು ತೆರೆಯಬೇಕಾದ ಪುಟ್ಟ ಕಿಟಕಿ. ಹಳೆಯದರಲ್ಲಿ ನಾವು ಮಾಡಿಟ್ಟ ಆಟಗಳ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಹೊಸದು ಲಾಗಿನ್ ಕೇಳುತ್ತಿತ್ತು, ಸುದ್ದಿ ಹೇಳುತ್ತಿತ್ತು, ಹಳೆಯ ಆಟ ಕಂಡರೆ ಹೊಸ ಆವೃತ್ತಿಗೆ ಬದಲಿಸಲೇ ಎನ್ನುತ್ತಿತ್ತು. ಒಮ್ಮೆ ಹೂಂ ಎಂದರೆ ಆ ಆಟ ಹಳೆಯದರಲ್ಲಿ ಮತ್ತೆ ತೆರೆಯದು.

ಅವಳು ತೀರಿಹೋದ ದೊಡ್ಡಪ್ಪನ ಮಗಳು. ಸವಣೂರಿನ ನಮ್ಮ ಮನೆಯಲ್ಲೇ ದೊಡ್ಡವ್ವನ ಜೊತೆ ಇದ್ದಳು. ನನ್ನನ್ನು 'ಗೆದ್ದಲಾ' ಎಂದು ಕರೆಯುತ್ತಿದ್ದಳು. ಪುಸ್ತಕ ತಿನ್ನುವುದು ಬಿಟ್ಟು ನನಗೇನೂ ಬರುವುದಿಲ್ಲವಂತೆ. ನನ್ನ ಅಣ್ಣ ಮಲ್ಲಣ್ಣ ಹೊಸ ಲಾಂಚರಿನ ಭಕ್ತ. ಅದರಲ್ಲೊಂದು ಕಾರಿನ ಆಟ ಮಾಡಿ, ಶಿಗ್ಗಾವಿಯಿಂದ ಬಂದ ಗೆಳೆಯರೆದುರು ಅವಳಿಗೆ ತೋರಿಸಿದ. ಕಾರು ಮುಗ್ಗರಿಸುತ್ತ ಹೋಯಿತು. ಗಿರಿಜಕ್ಕ ಬಹಳ ಹೊತ್ತು ನೋಡಿ, "ಹೆಣಾ ಒಯ್ಯೂ ಗಾಡಿ ಇದಕ್ಕಿಂತ ಜೋರ್ ಹೋಗ್ತೈತಲ್ಲೋ ತಮ್ಮಾ" ಎಂದಳು. ಗೆಳೆಯರು ಅವನಿಗೆ 'ಹೆಣದ ಗಾಡಿ' ಎಂದೇ ಹೆಸರಿಟ್ಟರು. ಸಂತೆಯಲ್ಲೂ ಹಾಗೇ ಕೂಗುತ್ತಿದ್ದರು.

ಅವಳದು ಎಲೆಬುಟ್ಟಿಯ ಆಟ. ಸವಣೂರಿನ ವೀಳ್ಯದೆಲೆ ಹೊತ್ತ ಹೆಣ್ಣುಮಗಳು ಬಸ್ಸಿನಲ್ಲಿ ಹುಬ್ಬಳ್ಳಿ ಮುಟ್ಟಬೇಕು. ಎಲೆ ಬಾಡಬಾರದು, ಬುಟ್ಟಿಯ ಮೇಲೆ ಯಾರೂ ಕೂಡಬಾರದು. ಕೂಡಲು ಬರುವ ದಪ್ಪ ಪ್ರಯಾಣಿಕನಿಗೆ ನಮ್ಮ ಅಪ್ಪನ ಮೀಸೆ ಇಟ್ಟಿದ್ದಳು. ಅಪ್ಪ ಅದನ್ನು ನೋಡಿಯೂ ನೋಡದಂತೆ ಎದ್ದುಹೋಗಿದ್ದ.

ಆ ವರ್ಷ ಹಿರೇಕೆರೂರಿನಿಂದ ಗಂಡಿನವರು ಬಂದು ಅವಳನ್ನು ನೋಡಿ ಹೋಗಿದ್ದರು. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿ ಆಟವನ್ನು ದಸರೆಯ ದಿನ ಸಂಜೆಯೊಳಗೆ ಕಳಿಸು, ಮೆಚ್ಚಿಗೆಯಾದರೆ ಕೆಲಸ ಕೊಡುತ್ತೇವೆ ಎಂದಿತ್ತು. ಕೆಲಸ ಸಿಕ್ಕರೆ ಮದುವೆಯ ಮಾತು ಬಿಡುವುದು, ಸಿಗದಿದ್ದರೆ ಅವಳು ತುಟಿ ಎರಡು ಮಾಡದೆ ಒಪ್ಪುವುದು ಎಂದು ದೊಡ್ಡವ್ವ ಕರಾರು ಹಾಕಿದ್ದಳು.

ದಸರೆಯ ಹಿಂದಿನ ದಿನ ನಮ್ಮಲ್ಲಿ ಖಂಡೇಪೂಜೆ. ಕುಡುಗೋಲು, ತಕ್ಕಡಿ, ಸ್ಕೂಟರು ಎಲ್ಲವನ್ನೂ ತಿಕ್ಕಿ ತೊಳೆದು ವಿಭೂತಿ ಹಚ್ಚಿ ಇಡುತ್ತಾರೆ. ಪೂಜೆಗಿಟ್ಟ ಮೇಲೆ ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಕಂಪ್ಯೂಟರ್ ಸ್ವಚ್ಛ ಮಾಡುವ ಕೆಲಸವನ್ನು ಅಪ್ಪ ಮಲ್ಲಣ್ಣನಿಗೆ ಒಪ್ಪಿಸಿದ. ಗಿರಿಜಕ್ಕ ಅಡಿಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ಮಲ್ಲಣ್ಣ ಹೊರಗಿನ ಧೂಳು ಒರೆಸಿದ, ಒಳಗಿನದನ್ನೂ. ಹಳೆಯ ಲಾಂಚರು ತೆಗೆದು ಹೊಸದು ಹಾಕಿದ. ಬದಲಿಸಲೇ ಎಂದು ಅದು ಕೇಳಿದ್ದಕ್ಕೆ ಹೂಂ ಎಂದ. ಆಮೇಲೆ ಚೆಂಡುಹೂವಿನ ಮಾಲೆ ಹಾಕಿದ.

ದಸರೆಯ ದಿನ ಮಧ್ಯಾಹ್ನ ಅವಳು ಆಟ ತೆರೆದಾಗ ಬುಟ್ಟಿಯ ಎಲೆಗಳೆಲ್ಲ ಕಣ್ಣು ಕುಕ್ಕುವ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಹೆಣ್ಣುಮಗಳು ಬಸ್ಸಿನ ತಳ ತೂರಿ ಕೆಳಗೆ ಬೀಳುತ್ತಲೇ ಇದ್ದಳು. ಹಿಂದೆ ನಿಂತಿದ್ದ ನಮ್ಮವ್ವ, "ಮೊದಲಿನಕಿಂತ ಚಂದ ಕಾಣತೈತಲ್ಲವಾ" ಎಂದಳು. ಗಿರಿಜಕ್ಕ ಆಟದ ಇನ್ನೊಂದು ಪ್ರತಿಯನ್ನು ಯಾರಿಗೂ ತಿಳಿಯಬಾರದೆಂದು 'ಉಪ್ಪಿನಕಾಯಿ' ಎಂಬ ಹೆಸರಿನ ಫೋಲ್ಡರಿನಲ್ಲಿ ಇಟ್ಟಿದ್ದಳು. ಅದೂ ಇರಲಿಲ್ಲ. ಪೂಜೆಗೆ ಹಳೇದು ಇಡಬಾರದೆಂದು ಅಪ್ಪನೇ ಹೇಳಿದ್ದ, ಆಟದ ಹಳೆಯ ಪ್ರತಿ ಎಂದು ತೆಗೆದೆ, ಹೊಸದು ಇದೆಯಲ್ಲ, ಎಂದ ಮಲ್ಲಣ್ಣ. ಅಪ್ಪ ಮೀಸೆ ತೀಡಿಕೊಂಡು, ದೇವರ ಕೆಲಸದಲ್ಲಿ ತಪ್ಪು ಹುಡುಕಬಾರದು ಎಂದ.

ಸಂಜೆ ಮಲ್ಲಣ್ಣ ಪದ್ಧತಿಯಂತೆ ಬನ್ನಿ ಎಲೆ ಕೊಟ್ಟು ಅವಳ ಕಾಲಿಗೆ ಬಿದ್ದ. ಬಂಗಾರದ ಹಾಗಿರು ಎಂದು ಹರಸಬೇಕು. ಎಲ್ಲರೂ ಕಾದರು.

"ನಿನ್ನ ಕೈ ಬಂಗಾರ ಆಗ್ಲಿ" ಎಂದಳು. "ತುತ್ತು ಎತ್ತಾಕ ಬರದಂಗ ಆಗ್ಲಿ."

ದೊಡ್ಡವ್ವ ಎಲ್ಲರ ಮುಂದೆ ಅವಳ ಕೆನ್ನೆಗೆ ಹೊಡೆದಳು. ಕಾರ್ತಿಕದ ನಂತರ ಮದುವೆಯಾಯಿತು.

ಈಚೆಗೆ ತಿಳವಳ್ಳಿಯಲ್ಲೊಂದು ಮದುವೆಗೆ ಹೋದವಳು ಹಿರೇಕೆರೂರಿಗೂ ಹೋಗಿಬಂದೆ. ಬಾಗಿಲು ತೆರೆದವಳು ಗಿರಿಜಕ್ಕನೇ. "ಬರ್ರಿ, ಕುಂದರ್ರಿ. ಚಾ ಕುಡಿತೀರೇನ್ರಿ?" ಎಂದಳು. ನನ್ನನ್ನು ಚುಚ್ಚುತ್ತಿದ್ದಾಳೆ ಎಂದುಕೊಂಡು ನಗಲು ಕಾದೆ. ಅವಳು ನಗಲಿಲ್ಲ. ಅವ್ವನ ಮೊಣಕಾಲು ನೋವು ಕೇಳಿದಳು, ಒಳಗೆ ಹೋದಳು. ಅವಳ ಅತ್ತೆ ನನ್ನ ಕಡೆ ಬಗ್ಗಿ ಸಂತೋಷದಿಂದ ಹೇಳಿದರು: "ನಿಮ್ಮಕ್ಕ ಭಾಳ ಮೆತ್ತಗಿನ ಹೆಣ್ಣು ನೋಡ್ರಿ. ಒಂದ ಮಾತು ಹೆಚ್ಚಿಗಿ ಆಡೂದಿಲ್ಲ."

ಮನೆಗೆ ಬಂದಾಗ ಮಲ್ಲಣ್ಣ ಊಟಕ್ಕೆ ಕುಳಿತಿದ್ದ. ನಾನು ನಿಂತೇ ಕೇಳಿದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ, ಮತ್ತೆ ಮುರಿದ, ತಾಟು ಖಾಲಿ ಮಾಡಿ ಎದ್ದು ಕೈ ತೊಳೆಯಲು ಹೋದ. ಅದಾದ ಮೇಲೆ ನನ್ನೊಡನೆ ಅವನು ಎಲ್ಲದರ ಬಗ್ಗೆಯೂ ಮಾತಾಡಿದ್ದಾನೆ, ಇದೊಂದು ಬಿಟ್ಟು:

"ಅಣ್ಣಾ, ಪೂಜಿಗಂತ ಹೊಸಾದು ಹಾಕಿದಿ, ಒಪ್ಪತೇನಿ. ಆದರ ಉಪ್ಪಿನಕಾಯಿ ಅಂತ ಹೆಸರಿದ್ದದ್ರಾಗ ಆಕಿ ಆಟ ಐತಂತ ನಿನಗ ಹೆಂಗ ಗೊತ್ತಾತು?"