ತಿಂಡಿ ಎಂಬ ಮಾತಿಗೆ ನಕ್ಕದ್ದು

ಆ ಕಾಲದ ಸಿನಿಮಾ ನಾಯಕರ ಕೈಗೆ ಗ್ರೀಸ್ ಅಂಟಿರುತ್ತಿತ್ತು. ನಾನು ಯಶವಂತನಗರದ ಗಣಿಯಲ್ಲಿ ಲಾರಿ ಮೆಕ್ಯಾನಿಕ್ ಆಗಿದ್ದಾಗ ಹೊಸಪೇಟೆ ಟಾಕೀಸಿಗೆ ಅಂಥದ್ದೊಂದು ಸಿನಿಮಾ ಬಂತು. ಬಡ ಮೆಕ್ಯಾನಿಕ್, ಸಾಹುಕಾರನ ಮಗಳು, ಹೊಟ್ಟೆ ಹುಣ್ಣಾಗುವಷ್ಟು ನಗೆ. ಭಾನುವಾರ ಶೆಡ್ಡಿನವರೆಲ್ಲ ಅದಿರಿನ ಲಾರಿ ಹತ್ತಿ ಹೋದೆವು. ನಾಯಕ ನಟ್ಟನ್ನು ಉಲ್ಟಾ ತಿರುಗಿಸುತ್ತಿದ್ದ. ನಮ್ಮವನೇ ಅಲ್ಲವೇ, ಕ್ಷಮಿಸಿದೆವು.

ಚಿತ್ರದಲ್ಲಿ ಎಲ್ಲರದೂ ಮೈಸೂರು ಕಡೆಯ ಮಾತು. ಅವನು ಮೊದಲ ಸಲ ಧೈರ್ಯ ಮಾಡಿ ಅವಳ ಹತ್ತಿರ ಹೋಗಿ, ಮೆತ್ತಗೆ, "ತಿಂಡಿ ಆಯ್ತಾ?" ಎಂದ. ಅವರಿಗದು ಬೆಳಗಿನ ಉಪಾಹಾರ; ನಮ್ಮ ಕಡೆ ತಿಂಡಿ ಎಂದರೆ ತುರಿಕೆ. ಇಡೀ ಟಾಕೀಸು ಹೋ ಎಂದಿತು. "ಲೇ, ಮುಲಾಮು ಕೊಡ್ರಲೇ ಅಕಿಗೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸೀಟಿ ನಿಲ್ಲುವಷ್ಟರಲ್ಲಿ ಹಾಡು ಅರ್ಧ ಮುಗಿದಿತ್ತು. ಅಂಥ ನಗೆ ನನಗೆ ಮತ್ತೆ ಸಿಕ್ಕಿಲ್ಲ. ನಿಮಗೆ ವಯಸ್ಸಾಯಿತು ಎನ್ನುತ್ತಾರೆ, ನಾನು ಒಪ್ಪುವುದಿಲ್ಲ.

ಅದೇ ತಿಂಗಳು ಅವ್ವ ನನ್ನನ್ನು ಹೊಸಪೇಟೆಗೆ ಹೆಣ್ಣು ನೋಡಲು ಕರೆದೊಯ್ದಳು. ಕಾಲುವೆ ನೀರಿಗೆ ಸುತ್ತಲೂ ಕಬ್ಬು ತುಂಬಿದ್ದ ದಿನಗಳು. ಹುಡುಗಿಯ ಅಪ್ಪ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಮಂಡ್ಯದಿಂದ ಹೊಸದಾಗಿ ಬಂದವರು. ನೋಡಿದ ಗಳಿಗೆಯಲ್ಲೇ ಹುಡುಗಿ ನನ್ನ ಮನಸ್ಸಿಗೆ ಹಿಡಿಸಿದಳು. ಅವಳು ಅವ್ವನ ಮುಂದೆ ಬಗ್ಗಿ ಕೇಳಿದಳು: "ತಿಂಡಿ ಆಯ್ತಾ ಅಮ್ಮಾ?"

ನನಗೆ ಟಾಕೀಸು ನೆನಪಾಯಿತು. ತಡೆಯಲಾಗದೆ ಪಕಪಕ ನಕ್ಕುಬಿಟ್ಟೆ. ಹುಡುಗಿಯ ಮುಖ ಕೆಂಪಾಯಿತು. ಒಳಗೆ ಹೋಗಿ ಕದ ಮುಂದೆ ಮಾಡಿಕೊಂಡಳು. ಅವಳ ಅಪ್ಪ ಎದ್ದು ನಿಂತರು.

"ನಮ್ ಹುಡುಗಿ ನಗೋ ಅಂಥದ್ದು ಏನಂದ್ಲು?"

ಸಂಬಂಧ ಮುರಿಯಿತು ಎಂದುಕೊಂಡೆ. "ತಪ್ಪು ನಂದ್ರಿ," ಎಂದವನೇ ಕದದ ಆಚೆಗೂ ಕೇಳುವಂತೆ ಸಿನಿಮಾದ ಕತೆಯನ್ನೆಲ್ಲ ಹೇಳಿದೆ. "ನಮ್ ಕಡೆ ಆ ಮಾತಿಗೆ ಬ್ಯಾರೆ ಅರ್ಥ ಐತ್ರಿ. ನನಗ ಹುಡುಗಿ ಭಾಳ ಹಿಡಿಸ್ಯಾಳ್ರಿ. ಇದೊಂದಕ್ಕ ಒಲ್ಲೆ ಅನಬ್ಯಾಡ್ರಿ."

ಅವ್ವ ನನ್ನನ್ನು ನುಂಗುವಂತೆ ನೋಡಿದಳು. ಒಳಗಿನಿಂದ ಹುಡುಗಿಯ ದನಿ ಬಂತು:

"ಹಾಗಾದ್ರೆ ನಿಮ್ ಕಡೆ ಏನಂತೀರಿ?"

"ನಾಷ್ಟಾ ಅಂತೀವ್ರಿ."

ಕದ ತೆರೆಯಿತು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಅವ್ವನ ಹತ್ತಿರ ಬಂದು, "ನಾಷ್ಟಾ ಆಯ್ತೇನ್ರಿ, ಅತ್ತೆ?" ಎಂದಳು.